ಹೂಂಗುಟ್ಟದೆ ಉಳಿದ ಕಥೆ

ದ್ಯಾವಪ್ಪ ಹೂಂ ಅನ್ನುವುದನ್ನು ಬಿಟ್ಟು ಮೂವತ್ತಾರು ವರ್ಷವಾಗಿತ್ತು.

‘ಹೌದ್ರಿ’ ಅನ್ನುತ್ತಿದ್ದ, ‘ಆತ್ರಿ’ ಅನ್ನುತ್ತಿದ್ದ, ಹೆಚ್ಚೆಂದರೆ ತಲೆಯಾಡಿಸುತ್ತಿದ್ದ. ಆದರೆ ಸುರಪುರದ ಗ್ರಂಥಾಲಯಕ್ಕೆ ಜವಾನನಾಗಿ ಬಂದ ದಿನದಿಂದ ಆ ಒಂದು ಉಲಿ ಅವನ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. “ನನ್ನ ಗಂಡನ ಮುಂದ ಕಷ್ಟ ಹೇಳ್ಕೊಳ್ಳೋದಕಿಂತ ಗುಡ್ಡದ ಬಂಡಿಗಲ್ಲಿನ ಮುಂದ ಹೇಳ್ಕೊಳ್ಳೋದು ಪಾಡು. ಅದು ತಿರುಗಿ ಕೂಗರೆ ಕೂಗ್ತದ” ಎಂದು ಹೆಂಡತಿ ದುರ್ಗಾದೇವಿ ಓಣಿಯ ಹೆಂಗಸರ ಮುಂದೆ ಆಡಿಕೊಳ್ಳುತ್ತಿದ್ದಳು. ದ್ಯಾವಪ್ಪ ಅದಕ್ಕೂ ‘ಹೌದು ಬಿಡು’ ಅನ್ನುತ್ತಿದ್ದ.

ಎರಡು ವರ್ಷದ ಹಿಂದೆ ಯಾದಗಿರಿಯಿಂದ ವರ್ಗವಾಗಿ ಬಂದ ಗ್ರಂಥಪಾಲಕಿ ಕಲ್ಪನಾ ಇದನ್ನು ವಾರದೊಳಗೇ ಕಂಡುಹಿಡಿದಿದ್ದಳು. ಮೂವತ್ತರ ಹೆಣ್ಣುಮಗಳು, ಬಾಯಿ ಅಂದರೆ ಬಸ್ ಸ್ಟ್ಯಾಂಡಿನ ಮೈಕು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದರೆ ಹನ್ನೊಂದೂವರೆಗೆ ಮುಚ್ಚುವತನಕ, ಮತ್ತೆ ಸಂಜೆ ನಾಲ್ಕಕ್ಕೆ ತೆಗೆದಾಗಿನಿಂದ ಮನೆಗೆ ಹೋಗುವತನಕ, ಅವಳ ಮಾತು ಬಾಗಿಲು ಹಾಕುತ್ತಿರಲಿಲ್ಲ. “ಕಾಕಾ, ನೀವು ರಿಟೈರ್ ಆಗೋದ್ರೊಳಗ ಒಂದು ಸಲ ಹೂಂ ಅನ್ರಿ. ಇಡೀ ಓಣಿಗೆ ಚಾ ಕುಡಸ್ತೀನಿ” ಎಂದು ಪಂಥ ಕಟ್ಟಿದ್ದಳು.

ಆ ರಿಟೈರ್ ದಿನ ಹತ್ತಿರ ಬಂದಿತ್ತು. ತಿಂಗಳ ಮೂವತ್ತೊಂದು, ಮಂಗಳವಾರ. ಅದೇ ದಿನ ಗ್ರಂಥಾಲಯವೂ ಹಳೆಯ ಕಟ್ಟಡ ಬಿಟ್ಟು ಹೊಸದಕ್ಕೆ ಹೋಗುವುದಿತ್ತು. ಹೊಸ ಕಟ್ಟಡದಲ್ಲಿ ‘ನಮ್ಮೂರು’ ಎಂಬ ಒಂದು ಮೂಲೆ ಮಾಡಬೇಕು, ಸುರಪುರ ಏನು ಬರೆಯಿತು, ಏನು ಹಾಡಿತು, ಏನು ಆಡಿತು ಎಂಬುದನ್ನೆಲ್ಲ ಗಾಜಿನೊಳಗಿಟ್ಟು ಜನಕ್ಕೆ ತೋರಿಸಬೇಕು ಎಂಬುದು ಕಲ್ಪನಾಳ ಆಸೆ. ಅದಕ್ಕೆ ಬೇಕಾದದ್ದೆಲ್ಲ ಹಿಂದಿನ ಕೋಣೆಯ ಒಂದು ಕಟ್ಟಿಗೆಯ ಕಪಾಟಿನಲ್ಲಿತ್ತು. ಊರವರು ಕೊಟ್ಟದ್ದನ್ನೆಲ್ಲ ಹಳೆಯ ಗ್ರಂಥಪಾಲಕರು ಅದರಲ್ಲಿ ತುಂಬುತ್ತ ಬಂದಿದ್ದರು. ಊರ ಕಪಾಟು ಎಂದೇ ಅದರ ಹೆಸರು.

ಮೂವತ್ತೊಂದಕ್ಕೆ ಎಂಟು ದಿನ ಮೊದಲು, ಸೋಮವಾರ, ಓದುಗರಿಗೆ ರಜೆ. ಕಲ್ಪನಾ ನೆಲದ ಮೇಲೆ ಚಾಪೆ ಹಾಸಿ ಕಪಾಟು ಬಿಚ್ಚಿಸಿದಳು. ನಿಜಾಮರ ಕಾಲದ ಉರ್ದು ಬರಹ ಓದಿ ಹೇಳಲೆಂದು ಅಮೀನುದ್ದೀನ ಮಾಸ್ತರರನ್ನು ಕರೆದಿದ್ದಳು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ದಿನಾ ಪೇಪರು ಓದಲು ಬರುವ ಹಿರಿಯರು.

ಒಂದೊಂದಾಗಿ ಹೊರಬಿದ್ದವು. ಬಯಲಾಟದ ಕೈಬರಹದ ಪ್ರತಿಗಳು, ಮೂಲೆಗಳಲ್ಲಿ ಬಣ್ಣ ಹತ್ತಿದ ಬೆರಳಿನ ಗುರುತು. ಕಂಪನಿ ನಾಟಕದ ಗುಲಾಬಿ ಹ್ಯಾಂಡ್‌ಬಿಲ್ಲು. ಚಿತ್ರಗಾರರ ಮನೆತನದವರು ಕೊಟ್ಟ ಹಾಳೆಗಳು. ಗೆರೆ ಮಾತ್ರ ಎಳೆದು ಬಣ್ಣ ತುಂಬದೆ ಬಿಟ್ಟ ದೇವತೆಗಳು, ಕಣ್ಣು ಬರೆದಿರಲಿಲ್ಲ. ಅಲಾಯಿ ಹಬ್ಬದ, ಅಂದರೆ ಮೊಹರಮ್ಮಿನ, ಪದಗಳ ವಹಿಗಳು, ಕೆಲವು ಕನ್ನಡದಲ್ಲಿ, ಕೆಲವು ಉರ್ದುವಿನಲ್ಲಿ.

ಅಮೀನುದ್ದೀನ ಮಾಸ್ತರರು ಹಸಿರು ಬಟ್ಟೆಯ ಹೊದಿಕೆಯ ಒಂದು ವಹಿ ಎತ್ತಿ ತೊಡೆಯ ಮೇಲಿಟ್ಟುಕೊಂಡರು. “ಇದು ನಮ್ಮ ಅಮ್ಮೀದು. ಅರ್ಜುಮಂದ ಅಂತ ಹೆಸರು. ಮೊಹರಮ್ಮಿನ ಪದ ದಖನಿ ಉರ್ದುದೊಳಗ ತಾನೇ ಕಟ್ಟಿ ಬರದಿಡ್ತಿದ್ಲು. ಹಾಡಾಕ ಮಾತ್ರ ನಾಚಿಕಿ. ಒಬ್ಬರ ಮುಂದೂ ಹಾಡ್ಲಿಲ್ಲ, ಹಂಗೇ ಹೋದ್ಲು.”

“ಯಾರರ ಓದ್ಯಾರೇನ್ರಿ?”

ಮಾಸ್ತರರು ಹಿಂದಿನ ರಟ್ಟು ತಿರುವಿ ತೋರಿಸಿದರು. ಪುಸ್ತಕ ಒಯ್ದವರ ತಾರೀಕು ಒತ್ತುವ ಚೀಟಿ ಒಂದೂ ಮುದ್ರೆಯಿಲ್ಲದೆ ಬೆಳ್ಳಗಿತ್ತು.

ಎಲ್ಲಕ್ಕೂ ತಳದಲ್ಲಿ, ಕರಿಯ ಕಂಬಳಿಯ ತುಂಡಿನಲ್ಲಿ ಸುತ್ತಿದ ಒಂದು ಗಂಟಿತ್ತು. ಕಲ್ಪನಾ ಅದಕ್ಕೆ ಕೈ ಹಾಕಿದ್ದೇ ಕೋಣೆಯಲ್ಲಿ ಕುರಿಯ ವಾಸನೆ ಎದ್ದಿತು. ಹಳೆಯದಲ್ಲ, ಆಗಷ್ಟೇ ಕತ್ತರಿಸಿದ ಉಣ್ಣೆಯ ಬೆಚ್ಚನೆಯ, ಜಿಡ್ಡಿನ ವಾಸನೆ.

“ಅದನ್ನ ಬಿಡ್ರಿ ಮೇಡಂ,” ಎಂದ ದ್ಯಾವಪ್ಪ. “ಹುಳ ಬಿದ್ದಾವ.”

ಅವಳು ಬಿಚ್ಚಿದ್ದಳು. ಹುಳ ಬಿದ್ದಿರಲಿಲ್ಲ. ರಿಜಿಸ್ಟರಿನಲ್ಲಿ ಹುಡುಕಿ ಬೆರಳಿಟ್ಟಳು: ‘ಎರಡು ಸಾವಿರದ ನೂರಾ ಹದಿಮೂರು. ಹಾಡಿನ ಬುಕ್ಕು, ಕೈಬರಹ. ಕೊಟ್ಟವರು: ಹನುಮಮ್ಮ, ಗಂಡ ಸಾಬಣ್ಣ, ವನದುರ್ಗ.’

“ವನದುರ್ಗ! ನಿಮ್ಮೂರೇ ಅಲ್ಲೇನ್ರಿ ಕಾಕಾ? ಒಂದು ಮಾತು ಹೇಳಿಲ್ಲಲ್ರಿ!” ಎಂದವಳೇ ಚಕ್ಕಳಮಕ್ಕಳ ಹಾಕಿ ಕುಳಿತು ದೊಡ್ಡದಾಗಿ ಓದತೊಡಗಿದಳು.

*ಕುದುರಿಯ ಹಗ್ಗಾವ ಕೈಯಾಗ ಹಿಡಕೊಂಡು*
*ಎದುರೀನ ಗುಡ್ಡ ನೋಡ್ಯಾಳೊ | ಮಾಳವ್ವ*
*ಉದಯಾದ ಬಿಸಿಲು ಇಳಿದೀತೊ*

ಕಥೆ ತಿಳಿಯಾಗಿತ್ತು. ಮಾಳವ್ವನೆಂಬ ಕುರಿಗಾಹಿ ಹುಡುಗಿ ಗುಡ್ಡದ ಬುಡದಲ್ಲಿ ಕುರಿ ಮೇಯಿಸುತ್ತಿರುತ್ತಾಳೆ. ಒಬ್ಬ ಸವಾರ ಬಂದು, ‘ನಾ ಬರೋತನಕ ಕುದುರಿ ಹಿಡಕೊಂಡು ನಿಂದ್ರು’ ಎಂದು ಹಗ್ಗ ಕೊಟ್ಟು ಗುಡ್ಡ ಹತ್ತುತ್ತಾನೆ. ಅವಳು ನಿಲ್ಲುತ್ತಾಳೆ. ಸಂಜೆಯಾಗುತ್ತದೆ, ಕುರಿ ತಾವೇ ಹಟ್ಟಿಗೆ ಹೋಗುತ್ತವೆ. ಮಳೆಗಾಲ ಹೋಗುತ್ತದೆ. ಕುದುರೆ ಸತ್ತು ಎಲುಬಾಗುತ್ತದೆ. ಅವಳು ಹಗ್ಗ ಬಿಟ್ಟಿಲ್ಲ.

ಕಲ್ಪನಾ ನಗುತ್ತ ಶುರು ಮಾಡಿದವಳು ನಗು ಬಿಟ್ಟು ಓದುತ್ತಿದ್ದಳು. ಪ್ರತಿ ನುಡಿ ಮುಗಿದಾಗ ಒಂದು ಉಸಿರಿನಷ್ಟು ತಡೆದು ಮುಂದೆ ಹೋಗುತ್ತಿದ್ದಳು. ಹೀಗೆ ತಡೆಯಲು ಅವಳಿಗೆ ಯಾರೂ ಕಲಿಸಿರಲಿಲ್ಲ. ದ್ಯಾವಪ್ಪ ಕಸಬರಿಗೆ ಹಿಡಿದು ಗೋಡೆಗೆ ಒತ್ತಿ ನಿಂತಿದ್ದ. ‘ಸಾಕು ಮಾಡ್ರಿ’ ಅನ್ನಬೇಕಿತ್ತು. ಅಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.

*ಹೆಜ್ಜಿಯ ಸಪ್ಪಳ ಗುಡ್ಡಾದ ಮ್ಯಾಲಿಂದ*
*ಗೆಜ್ಜಿಯ ಹಾಂಗ ನುಡಿದಾವೊ | ಮಾಳವ್ವ*
*ಲಜ್ಜಿಯ ಬಿಟ್ಟು ಕೇಳ್ಯಾಳೊ*

“ಬಂದ್ಯಾ?”

ಅಷ್ಟೇ ಬರೆದಿತ್ತು. ಮುಂದಿನ ಹಾಳೆ ಖಾಲಿ. ಕಲ್ಪನಾ ತಲೆಯೆತ್ತಿ ಕಾದಳು. ಅಮೀನುದ್ದೀನ ಮಾಸ್ತರರು ಸೌಜನ್ಯಕ್ಕೆಂದು “ಹೂಂ, ಮುಂದ?” ಅಂದರು.

ಅವಳು ಬಾಯಿ ತೆರೆದಳು. ದ್ಯಾವಪ್ಪನ ಕಡೆ ತಿರುಗಿದಳು.

“ಬಂದ್ಯಾ?” ಅಂದಳು.

ಎರಡು ವರ್ಷದಲ್ಲಿ ಒಮ್ಮೆಯೂ ಅವನನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. ಮಾಸ್ತರರು ನಕ್ಕರು. ಅವಳು ನಗಲಿಲ್ಲ. ಕುತ್ತಿಗೆಗೆ ಕೈಯಿಟ್ಟುಕೊಂಡು ಏನೋ ಹೇಳಲು ಹೊರಟಳು; ತುಟಿ ಬೇರೆಯದೇ ಮಾತಿನ ಆಕಾರ ಕಟ್ಟಿತು, ಬಂದದ್ದು ಮಾತ್ರ ಅದೇ.

“ಬಂದ್ಯಾ?”

---

ಶಹಾಪುರದ ಡಾಕ್ಟರು ಟಾರ್ಚು ಹಾಕಿ ನೋಡಿ ಕಲ್ಪನಾಳ ಗಂಟಲು ಚೊಕ್ಕಟವಾಗಿದೆ ಅಂದರು. ವಿಶ್ರಾಂತಿ ಬೇಕು ಅಂದರು. ಮೂರನೆಯ ದಿನದಿಂದ ಅವಳು ಊಟ ಬಿಟ್ಟಳು, ಬರೇ ನೀರು. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಅದನ್ನೇ ಕೇಳುತ್ತಿದ್ದಳು. ಕೇಳಿ, ಅವರ ಮುಖ ನೋಡಿ, ಇವರಲ್ಲ ಎಂಬಂತೆ ಕಣ್ಣು ಇಳಿಸುತ್ತಿದ್ದಳು. ನಾಲ್ಕು ವರ್ಷದ ಮಗಳು ಅವ್ವನ ಹತ್ತಿರ ಹೋಗಲೊಲ್ಲೆ ಎಂದು ಅಜ್ಜಿಯ ಸೆರಗು ಹಿಡಿದಿತ್ತು.

ಇದನ್ನೆಲ್ಲ ಅಮೀನುದ್ದೀನ ಮಾಸ್ತರರು ತಂದು ಹೇಳಿದ್ದು ಶುಕ್ರವಾರ. ದ್ಯಾವಪ್ಪ ಪುಸ್ತಕಗಳಿಗೆ ಸುತಲಿ ಕಟ್ಟುತ್ತಿದ್ದ. ಅವನ ಕೈ ನಿಂತಿತು.

“ಎಂಟು ದಿನ ಇರ್ತದ್ರಿ ಅದು. ಒಂಬತ್ತಕ್ಕ ಮುಗೀತದ,” ಅಂದ.

“ಏನು ಮುಗೀತದ? ಜಡ್ಡೇನು?”

“ಮನುಷಾರು, ಮಾಸ್ತರ್ರಿ.”

ಆಮೇಲೆ ಹೇಳಿದ. ಮೂವತ್ತಾರು ವರ್ಷದಲ್ಲಿ ಹೆಂಡತಿಗೂ ಹೇಳದ್ದನ್ನು, ಸುತಲಿಯ ಉಂಡೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

ವನದುರ್ಗದಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ದಿನ ಹಾಡಿಕೆ ಇರುತ್ತಿತ್ತು. ಬೇವಿನ ಗಿಡದ ಕೆಳಗೆ ಹತ್ತು ಕತ್ತರಿ ಒಟ್ಟಿಗೆ ಆಡುವಾಗ ಸಾಬಣ್ಣ ಹಾಡುತ್ತಿದ್ದ. ಬೆಳಿಗ್ಗೆ ಎತ್ತಿದ ಕಥೆಯನ್ನು ಹೊತ್ತು ಇಳಿಯುವುದರೊಳಗೆ ಮುಗಿಸಬೇಕು. ಹಾಡುವವನಿಗೆ ಒಬ್ಬ ಹೂಂಗುಟ್ಟುವವನು ಬೇಕು. ಅವನು ಹೂಂ ಅನ್ನದೆ ಮುಂದಿನ ನುಡಿ ಎತ್ತುವ ಹಾಗಿಲ್ಲ. ಕೊನೆಗೆ ಮಂಗಳ ಹಾಡಬೇಕಾದವನೂ ಅವನೇ. ಆಗ ಕಥೆ ಹಾಡಿದವನು ಹೂಂ ಅನ್ನುತ್ತಾನೆ. ಹೇಳಿದವನನ್ನು ಕೇಳಿದವನೇ ಬಿಡುಗಡೆ ಮಾಡಬೇಕೆಂಬುದು ಕಟ್ಟಳೆ. ಮಂಗಳವನ್ನು ಯಾರೂ ಬರೆದಿಡುತ್ತಿರಲಿಲ್ಲ. ಹದಿನಾರನೆಯ ವರ್ಷದಿಂದ ಸಾಬಣ್ಣನ ಹೂಂ ದ್ಯಾವಪ್ಪನದು.

“ಆವತ್ತ ಮುಂಜಾನಿ ನನ್ನ ನೌಕರಿ ಆರ್ಡರ್ ಬಂದಿತ್ರಿ. ಸಂಜಿ ಐದರೊಳಗ ಗುಲಬರ್ಗಾ ಆಫೀಸಿನಾಗ ಸಹಿ ಮಾಡ್ಬೇಕು. ನಡು ಮಧ್ಯಾಹ್ನ ರಸ್ತಾದಾಗ ಒಂದು ಲಾರಿ ನಿಂತು ಹಾರ್ನ್ ಹೊಡೀತು. ಸಾಬಣ್ಣ ಮಾಳವ್ವನ ಬಾಯಾಗಿಂದ ‘ಬಂದ್ಯಾ?’ ಅಂದ. ಅಂದು ನನ್ನ ಕಡಿ ನೋಡಿದ. ನಾ ಎದ್ದು ಓಡಿದ್ನಿರಿ. ಲಾರಿ ಹತ್ತಿ ಹಿಂದ ತಿರುಗಿ ನೋಡಿದ್ರ ಹತ್ತೂ ಕತ್ತರಿ ನಿಂತಿದ್ದವು. ಅವನ ಬಾಯಿ ತೆರದಿದ್ದು ಹಂಗೇ ಇತ್ತು.”

ಎಂಟು ದಿನ ಸಾಬಣ್ಣ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ಅದೊಂದೇ ಮಾತು ಕೇಳಿದ. ಒಂಬತ್ತನೆಯ ದಿನ ಹೋದ. ಮಣ್ಣು ಮಾಡಿದ ಮೇಲೆ ಅವನ ಹೆಂಡತಿ ಹನುಮಮ್ಮ, ಆ ಮಾತಿನತನಕ ಮಾತ್ರ ಬರೆದಿದ್ದ ಅವನ ಬುಕ್ಕನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ, ಈ ಗ್ರಂಥಾಲಯದ ಮೆಟ್ಟಿಲಿಗೆ ಬಂದಳು. ಬೈಯಲಿಲ್ಲ. “ಅವ ಮುಂದ ಹೋಗ್ಯಾನ. ಹೂಂ ಅನ್ನಾವ ಹಿಂದ ಹೋಗಬೇಕಲ್ಲಪ್ಪ ದ್ಯಾವ್ಯಾ. ನಿನಗ ಬೇಕಾದಾಗ ಅನ್ನು” ಎಂದು ಕೊಟ್ಟು ಹೋದಳು.

ಅಮೀನುದ್ದೀನ ಮಾಸ್ತರರು ಟೋಪಿ ತೆಗೆದು ತಲೆ ಸವರಿಕೊಂಡರು. “ಅದಕ್ಕ ಹೂಂ ಅನ್ನೋದೇ ಬಿಟ್ಟಿ.”

“ಬಾಯಿ ತಪ್ಪಿ ಅಂದ್ರೂ ಅವಗ ಕೇಳಿಸ್ತದಂತ ಅಂಜಿಕಿರಿ.”

“ನಾ ಅಂದ್ನೆಲ್ಲೊ ಹೂಂ, ಆವತ್ತ?”

“ನೀವಲ್ರಿ ಮಾಸ್ತರ. ಎದ್ದು ಹೋದಾವ್ನೇ ಅನ್ನಬೇಕು.”

“ಮತ್ತ ಅಂದ್ಬಿಡು!”

ದ್ಯಾವಪ್ಪ ಸುತಲಿ ಬಿಗಿದು ಗಂಟು ಹಾಕಿದ. “ಅಂದ್ರ ಅವನ ಹಿಂದ ನಾ ಹೋಗಬೇಕಾಗ್ತದ್ರಿ,” ಎಂದ. ಸುತಲಿಯ ತುದಿ ಕತ್ತರಿಸಿ, “ಮೂವತ್ತೊಂದಕ್ಕ ಮೇಡಂದು ಒಂಬತ್ತನೇ ದಿನ,” ಎಂದ.

ಶನಿವಾರ, ರವಿವಾರ ಅವನು ಏನೂ ಮಾಡಲಿಲ್ಲ. ಹೊಸ ಕಟ್ಟಡಕ್ಕೆ ಟೆಂಪೊದಲ್ಲಿ ಪುಸ್ತಕ ಸಾಗಿಸಿದ. ಖಾಲಿಯಾಗುತ್ತ ಬಂದ ಹಾಲ್‌ನಲ್ಲಿ ಹೆಜ್ಜೆ ಇಟ್ಟರೆ ಮತ್ತೊಂದು ಹೆಜ್ಜೆ ಕೇಳಿಸುತ್ತಿತ್ತು. ಗುಡಿಸಿದ ನೆಲದ ಮೇಲೆ ಕರಿಯ ಉಣ್ಣೆಯ ಕೂದಲು ಬಿದ್ದಿರುತ್ತಿದ್ದವು. ಮತ್ತೆ ಗುಡಿಸಿದರೆ ಮತ್ತೆ. ಸೋಮವಾರ ಕಲ್ಪನಾಳ ಮನೆಗೆ ಹೋದ. ಅವಳ ಕೆನ್ನೆ ಒಳಗೆ ಹೋಗಿತ್ತು. ಅವನು ಹೊಸ್ತಿಲು ದಾಟುವ ಮೊದಲೇ ಎದ್ದು ನಿಂತಳು. ಇವನ ಮುಖ ನೋಡಿ ಮಾತ್ರ ಕಣ್ಣು ಇಳಿಸಲಿಲ್ಲ.

“ಬಂದ್ಯಾ?”

ಮೂಲೆಯಲ್ಲಿ ಮಗು ಕಿವಿ ಮುಚ್ಚಿಕೊಂಡಿತು. ದ್ಯಾವಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. “ನಾಳಿ ಬುಕ್ಕು ಇದ್ದಲ್ಲಿಗೇ ಬಾ, ತಂಗೆವ್ವ,” ಎಂದು ಹೊರಬಿದ್ದ.

ಅಂದು ಸಂಜೆ ಮನೆಯಲ್ಲಿ ದುರ್ಗಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅವನು ಅಡುಗೆ ಮನೆಯ ಬಾಗಿಲಲ್ಲಿ ಕೂತ. “ಇವತ್ತ ನಿನಗೇನರ ಹೇಳೋದಿದ್ರ ಹೇಳು, ಕೇಳ್ತೀನಿ” ಅಂದ. ಅವಳು ಗಾಬರಿಯಾಗಿ, “ಯಾಕ, ಮೈ ಬೆಚ್ಚಗದ ಏನು?” ಎಂದು ಹಿಟ್ಟಿನ ಕೈಯಿಂದಲೇ ಅವನ ಹಣೆ ಮುಟ್ಟಿದಳು.

---

ಮಂಗಳವಾರ ಮಧ್ಯಾಹ್ನ ಹಳೆಯ ಗ್ರಂಥಾಲಯದಲ್ಲಿ ಊರ ಕಪಾಟೊಂದೇ ಉಳಿದಿತ್ತು. ನಾಲ್ಕು ಗಂಟೆಗೆ ಹೊಸ ಕಟ್ಟಡದಲ್ಲಿ ದ್ಯಾವಪ್ಪನಿಗೆ ಶಾಲು, ಹಾರ. ಅಮೀನುದ್ದೀನ ಮಾಸ್ತರರು ಕಲ್ಪನಾಳನ್ನು ಕೈ ಹಿಡಿದು ಕರೆತಂದು, ಕಪಾಟಿನ ಮುಂದೆ ಚಾಪೆಯ ಮೇಲೆ ಕೂಡಿಸಿ, ಹೊರಗೆ ಟೆಂಪೊದವನ ಹತ್ತಿರ ಹೋಗಿ ನಿಂತರು. ಯಾರೂ ಬರದಂತೆ ಕಾಯುವುದು ಅವರ ಪಾಲಿನ ಕೆಲಸ.

ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು, ಅದರಲ್ಲಿ ಧೂಳು ಆಡುತ್ತಿರಲಿಲ್ಲ. ದ್ಯಾವಪ್ಪ ಕಂಬಳಿ ಬಿಚ್ಚಿ ಬುಕ್ಕನ್ನು ಅವಳ ಮುಂದಿಟ್ಟ. ಒಂದು ಹೆಜ್ಜೆ ಹಿಂದೆ, ಬಲಕ್ಕೆ ಕೂತ. ಹೂಂಗುಟ್ಟುವವನು ಕೂಡ್ರುವ ಜಾಗ ಅದು. ಮೈಯೇ ನೆನಪಿಟ್ಟುಕೊಂಡಿತ್ತು.

“ಬಂದ್ಯಾ?” ಎಂದಳು ಅವಳು.

ಕಪಾಟಿನ ಹಿಂದೆ ಎಲ್ಲೋ ಕಚಕ್ ಎಂದು ಒಂದು ಕತ್ತರಿ ಆಡಿ ನಿಂತಿತು. ಕಾಯುತ್ತಿತ್ತು.

“ಹೂಂ,” ಅಂದ ದ್ಯಾವಪ್ಪ.

ಅಂದದ್ದೇ ತಡ, ಹತ್ತೂ ಕತ್ತರಿ ಒಟ್ಟಿಗೆ ಎದ್ದವು. ಕಲ್ಪನಾ ಖಾಲಿ ಹಾಳೆ ತಿರುವಿ ಹಾಡತೊಡಗಿದಳು. ಕಂಠ ಅವಳದೇ, ನಡೆ ಮಾತ್ರ ಸಾಬಣ್ಣನದು, ಸಾಲಿನ ಕೊನೆಗೆ ದನಿಯನ್ನು ಕೊಂಚ ಎಳೆದು ಕೈಬಿಡುವ ಅದೇ ರೀತಿ. ಹಾಳೆಯಲ್ಲಿ ಒಂದಕ್ಷರವಿರಲಿಲ್ಲ. ಅವಳ ಕಣ್ಣು ಇದ್ದದ್ದನ್ನು ಓದುವಂತೆ ಎಡದಿಂದ ಬಲಕ್ಕೆ ಓಡುತ್ತಿತ್ತು. ಪ್ರತಿ ನುಡಿಗೂ ದ್ಯಾವಪ್ಪ ಹೂಂ ಅಂದ.

ಹಾಡಿನಲ್ಲಿ ಗುಡ್ಡದಿಂದ ಇಳಿದು ಬಂದ ಸವಾರ ಮುದುಕನಾಗಿದ್ದ. ಮಾಳವ್ವ ಅವನು ಹೋದಾಗ ಇದ್ದಂತೆಯೇ ಹುಡುಗಿ. ಯಾಕೆ ತಡ ಮಾಡಿದೆ ಎಂದು ಅವಳು ಕೇಳಲಿಲ್ಲ. ‘ಹಿಡಿ, ನಿನ್ನ ಹಗ್ಗ. ನನಗ ಕುರಿ ಹುಡುಕಾಕ ಹೋಗಬೇಕು’ ಎಂದು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿ, ಹಟ್ಟಿಯ ದಾರಿ ಹಿಡಿದಳು.

ಹಾಡು ಅಲ್ಲಿಗೆ ನಿಂತಿತು.

ದ್ಯಾವಪ್ಪನ ಬಲಗೈಯಲ್ಲಿ ಹಗ್ಗವಿತ್ತು. ಕಾಣುತ್ತಿರಲಿಲ್ಲ. ಉಣ್ಣೆಯ ಹುರಿ, ಒರಟು, ತೇವ. ಇನ್ನೊಂದು ತುದಿಯನ್ನು ಯಾರೋ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆಯುತ್ತಿದ್ದರು, ಬಾ ಅನ್ನುವಂತೆ. ಅವನ ಮಂಡಿ ತಾನಾಗಿ ಎದ್ದಿತು.

ಅಷ್ಟರಲ್ಲಿ ಹೊರಗೆ ಟೆಂಪೊ ಹಾರ್ನ್ ಹೊಡೆಯಿತು. ಅವಸರದ, ಉದ್ದನೆಯ ಹಾರ್ನು. ಕತ್ತರಿಗಳು ಒಮ್ಮೆಲೇ ನಿಂತವು. ಅಂದೂ ಹೀಗೆಯೇ ನಿಂತಿದ್ದವು. ಎದ್ದು ಬಾಗಿಲಿಗೆ ಓಡಬಹುದಿತ್ತು, ಎಳೆದತ್ತ ಹೋಗಲೂಬಹುದಿತ್ತು. ದ್ಯಾವಪ್ಪ ಮಂಡಿಯನ್ನು ಕೈಯಿಂದ ಒತ್ತಿ ಕೂಡ್ರಿಸಿದ. ಕಣ್ಣು ಮುಚ್ಚಿ, ಮೂವತ್ತಾರು ವರ್ಷ ಗಂಟಲಲ್ಲಿ ಕಟ್ಟಿಟ್ಟದ್ದನ್ನು ಬಿಚ್ಚಿದ.

*ಹೇಳಿದ ಬಾಯಿಗೆ ಹಾಲುಣಿಸಿ ಕಳಿಸೇವ*
*ಕೇಳಿದ ಕಿವಿಗೆ ಹೂ ಮುಡಿಸಿ | ಕಥಿಯವ್ವ*
*ಬಾಳಿದ ಮನಿಗೆ ನೀ ಹೋಗ*

ಹಾಡಿ ಕಣ್ಣು ತೆರೆದ. ಕಲ್ಪನಾಳ ತುಟಿ ಮುಚ್ಚಿತ್ತು. ಕೋಣೆಯಲ್ಲಿ ಮತ್ತಾರೂ ಇರಲಿಲ್ಲ.

“ಹೂಂ.”

ಅವನ ಕಿವಿಯ ಹಿಂದಿನಿಂದ, ಒಂದು ಹೆಜ್ಜೆ ಹಿಂದೆ, ಬಲಕ್ಕೆ. ಹೊಗೆಸೊಪ್ಪು ಜಗಿದ ದಪ್ಪ ದನಿ. ಅಂಗೈಯಲ್ಲಿನ ಹಗ್ಗ ಸಡಿಲಾಯಿತು, ಆಮೇಲೆ ಇರಲಿಲ್ಲ. ಕುರಿಯ ವಾಸನೆ ಬಾಗಿಲು ದಾಟಿ ಹೋದದ್ದು ಮೂಗಿಗೆ ತಿಳಿಯಿತು.

ಕಲ್ಪನಾ ಕೆಮ್ಮಿದಳು. ಸುತ್ತ ನೋಡಿದಳು.

“ಕಾಕಾ, ಮಂಗಳವಾರ ಆತೇನ್ರಿ ಇವತ್ತ? ಅಯ್ಯ ನಮ್ಮಪ್ಪ, ಹಸಿವಿ! ಮಗಳು ಉಂಡಾಳೋ ಇಲ್ಲೋ… ಕಾಕಾ, ನೀವು ಹೂಂ ಅಂದ್ರಿ! ನಾ ಕೇಳೀನಿ! ಇಡೀ ಓಣಿಗೆ ಚಾ ಬಿತ್ತಲ್ರಿ ನನಗ…” ಮಾತಾಡುತ್ತ ಆಡುತ್ತ ಅವಳು ಅತ್ತಳು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ. ಗೋಡೆ ಹಿಡಿದು ಎದ್ದು, ಅಮೀನುದ್ದೀನ ಮಾಸ್ತರರನ್ನು ಕರೆಯುತ್ತ ಹೊರಗೆ ಹೋದಳು. ಹೊರಗಿನಿಂದ ಅವಳ ದನಿ ಮಳೆ ಸುರಿದಂತೆ ಕೇಳುತ್ತಿತ್ತು.

ದ್ಯಾವಪ್ಪ ಬಲ ಅಂಗೈ ಬಿಡಿಸಿ ನೋಡಿದ. ಅಡ್ಡಕ್ಕೆ ಕೆಂಪಗೆ ಹುರಿಯ ಬರೆ ಬಿದ್ದಿತ್ತು. ಬುಕ್ಕಿನ ಹಾಳೆಗಳು ಮೊದಲಿನಂತೆಯೇ ಖಾಲಿ. ಕಂಬಳಿ ಸುತ್ತಿ ಗಂಟು ಕಟ್ಟಿ, ಕಪಾಟಿನ ತಳದಲ್ಲಿಟ್ಟು, ಬೀಗದ ಕೈ ತೆಗೆದುಕೊಂಡ.

ಕಪಾಟಿನ ಬಾಗಿಲು ಮುಚ್ಚಲೆಂದು ಕೈ ಹಾಕಿದಾಗ ಮೇಲಿನ ಸಾಲಿನಿಂದ ಕೇಳಿತು. ಹೆಣ್ಣು ದನಿ. ತೀರ ಸಣ್ಣದು, ಸೆರಗಿನ ಮರೆಯಿಂದ ಬಂದ ಹಾಗೆ. ದಖನಿಯಲ್ಲಿ ಒಂದು ಸಾಲು ಎತ್ತಿ, ನಾಚಿದಂತೆ ನಿಂತಿತು.

ಮಾಸ್ತರರ ಅಮ್ಮಿಯ ಹಸಿರು ಬಟ್ಟೆಯ ವಹಿ ಅರ್ಧ ಇಂಚು ಮುಂದೆ ಬಂದಿತ್ತು. ಅದರ ಕೆಳಗೆ ಬಯಲಾಟದ ಪ್ರತಿಗಳು, ಅಲಾಯಿ ಪದಗಳು, ಕಣ್ಣು ಬರೆಯದ ದೇವತೆಗಳು. ಕಪಾಟಿನ ತುಂಬ ಉಸಿರು ಹಿಡಿದುಕೊಂಡ ಸದ್ದು.

ಟೆಂಪೊ ಮತ್ತೆ ಹಾರ್ನ್ ಹೊಡೆಯಿತು. “ಬಂದ್ರೇನ್ರಿ ಕಾಕಾ? ಶಾಲು, ಹಾರ ಕಾಯಾಕತ್ತಾವ!” ಎಂದು ಕಲ್ಪನಾ ಹೊರಗಿನಿಂದ ಕೂಗಿದಳು.

“ನೀವು ನಡೀರವ್ವ, ನಾ ಆಮ್ಯಾಲ ಬರ್ತೀನಿ,” ಎಂದ ದ್ಯಾವಪ್ಪ.

ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಚಾಪೆಯ ಮೇಲೆ, ಒಂದು ಹೆಜ್ಜೆ ಹಿಂದೆ, ಬಲಕ್ಕೆ ಕೂತ. ಕಪಾಟಿನ ಕಡೆ ತಿರುಗಿ, ಹೂಂ ಅಂದ.